ಚಿನ್ನದ ಮುಲಾಮಿನ ಫ್ರೆಂಚ್ ಮೇಜು ಅಲಂಕಾರ: ಮಂಕು, ಕಿಲುಬು, ಅಲುಗಾಟದ ಮೂಲ ಪತ್ತೆ ಮಾಡುವುದು

ಚಿನ್ನದ ಮುಲಾಮು ಹಾಕಿದ ಹಳೆಯ ಫ್ರೆಂಚ್ ಕಂಚಿಗೆ ಬಂದಿರುವ ಹಾನಿಯಲ್ಲಿ ದೊಡ್ಡ ಪಾಲು ಅದನ್ನು ಫಳಫಳ ಹೊಳೆಯಿಸಲು ಹೊರಟವರ ಕೈಯಿಂದ ಬಂದದ್ದು. ದೂಳು, ಮೇಣ, ಹಳೆಯ ವಾರ್ನಿಷ್ ಎಲ್ಲವೂ ಚಿನ್ನದ ಮೇಲೆ ಕುಳಿತಿರುತ್ತವೆ. ಚಿನ್ನ ಕೆಳಗೆ ಹಾಗೆಯೇ ಇರುತ್ತದೆ. ಮೇಲಿನದನ್ನು ತೆಗೆಯುವ ಆತುರದಲ್ಲಿ ಕೆಳಗಿನದನ್ನೂ ಉಜ್ಜಿ ಹಾಕಿದರೆ ಅದು ಮರಳಿ ಬರುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ಲಕ್ಷಣಕ್ಕೂ ಮೊದಲು ಕಣ್ಣು, ಆಮೇಲೆ ಒಣ ಕುಂಚ, ಆಮೇಲೆ ಹತ್ತಿ ಮತ್ತು ನೀರು ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ಎಲ್ಲಿ ಕೈ ಬಿಡಬೇಕು ಎಂಬುದನ್ನೂ ಅಲ್ಲಲ್ಲೇ ಹೇಳಿದ್ದೇನೆ.

ವಸ್ತುವಿನ ರಚನೆ ತಿಳಿದಿದ್ದರೆ ದೋಷ ಹುಡುಕುವುದು ಸುಲಭ. ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತರ ಆರಂಭದಲ್ಲಿ ಪ್ಯಾರಿಸ್ಸಿನ ಶ್ರೀಮಂತರ ಉದ್ದನೆಯ ಊಟದ ಮೇಜಿನ ನಡುವೆ ಇಡುತ್ತಿದ್ದ ಇದನ್ನು ಸುರ್ತು ಎನ್ನುತ್ತಾರೆ. ಕನ್ನಡಿಯ ತಳವಿರುವ ತಟ್ಟೆ, ಅದರ ಸುತ್ತ ಕೆತ್ತನೆಯ ಗಿಡ್ಡ ಕಟಾಂಜನ, ಮೇಲೆ ಹಣ್ಣಿನ ಬುಟ್ಟಿ ಹೊತ್ತ ಸ್ತ್ರೀಮೂರ್ತಿಗಳು, ಮೇಣದಬತ್ತಿಯ ಕವಲುಗಳು. ನೆಪೋಲಿಯನ್ ಕಾಲದಲ್ಲಿ ಈ ಕೆಲಸದ ದೊಡ್ಡ ಹೆಸರು ಪಿಯೆರ್ ಫಿಲಿಪ್ ತೊಮೀರ್ (1751-1843). ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ 1817ರಲ್ಲಿ ಪ್ಯಾರಿಸ್ಸಿನ ದೆನಿಯೇರ್ ಮತ್ತು ಮಾತ್ಲಾಂ ಕಾರ್ಯಾಗಾರದಿಂದ ತರಿಸಿದ ಸುರ್ತು ಏಳು ಭಾಗಗಳದ್ದು, ಎಲ್ಲವನ್ನೂ ಜೋಡಿಸಿದರೆ 14 ಅಡಿಗೂ ಹೆಚ್ಚು ಉದ್ದ. ಅದು ಇಂದಿಗೂ ಶ್ವೇತಭವನದಲ್ಲಿದೆ. ಭಾಗಗಳನ್ನು ಕೂಡಿಸಿ ಕಳೆದು ಮೇಜಿನ ಅಳತೆಗೆ ಹೊಂದಿಸುವುದೇ ಈ ವಸ್ತುವಿನ ಜಾಣ್ಮೆ. ಮುಂದೆ ಹೇಳುವ ಅಲುಗಾಟದ ಸಮಸ್ಯೆಗಳೆಲ್ಲ ಹುಟ್ಟುವುದೂ ಈ ಜೋಡಣೆಯಿಂದಲೇ.

ಇನ್ನು ಚಿನ್ನ. ಕಂಚು ಎಂದು ಕರೆದರೂ ಲೋಹ ಹೆಚ್ಚಾಗಿ ತಾಮ್ರ ಮತ್ತು ಸತುವಿನ ಮಿಶ್ರಣ. ಸ್ವಲ್ಪ ತವರ, ಸೀಸ ಸೇರಿರುತ್ತದೆ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯಂಥ ಮುದ್ದೆ ಮಾಡಿ, ಲೋಹಕ್ಕೆ ಸವರಿ, ಇದ್ದಿಲ ಬೆಂಕಿಯ ಮೇಲೆ ಕಾಯಿಸುತ್ತಿದ್ದರು. ಪಾದರಸ ಆವಿಯಾಗಿ ಹೋಗಿ ಚಿನ್ನ ಲೋಹಕ್ಕೆ ಕಚ್ಚಿಕೊಳ್ಳುತ್ತಿತ್ತು. ಆ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. ಕಂಚಿನ ಕೆಲಸದ ಯಜಮಾನ ಆಂತ್ವಾನ್ ಆಂದ್ರೆ ರಾವ್ರಿಯೋ 1814ರಲ್ಲಿ ತೀರಿಕೊಂಡಾಗ, ಈ ಕೆಲಸಗಾರರನ್ನು ಉಳಿಸುವ ಉಪಾಯ ಕಂಡುಹಿಡಿದವರಿಗೆ 3000 ಫ್ರಾಂಕ್ ಬಹುಮಾನವೆಂದು ಉಯಿಲು ಬರೆದಿಟ್ಟಿದ್ದ. ಆವಿಯನ್ನು ಚಿಮಣಿಯಲ್ಲಿ ಎಳೆದು ಹೊರಹಾಕುವ ಕುಲುಮೆ ರೂಪಿಸಿದ ರಸಾಯನಶಾಸ್ತ್ರಜ್ಞ ದಾರ್ಸೆಗೆ 1818ರಲ್ಲಿ ಆ ಬಹುಮಾನ ಸಂದಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ: ಮುಲಾಮಿನ ಚಿನ್ನದೊಳಗೆ ಇಂದಿಗೂ ಸ್ವಲ್ಪ ಪಾದರಸ ಉಳಿದಿರುತ್ತದೆ. ಮುಟ್ಟಿದರೆ, ಮನೆಯಲ್ಲಿ ಇಟ್ಟುಕೊಂಡರೆ ಅಪಾಯವಿಲ್ಲ. ಕಾಯಿಸಿದರೆ ಅಪಾಯ.

ಕೈ ಹಚ್ಚುವ ಮೊದಲು

ಹುಣಸೆಹಣ್ಣು, ನಿಂಬೆ, ವಿನಿಗರ್, ಹಿತ್ತಾಳೆ ಪಾತ್ರೆ ಬೆಳಗುವ ಪುಡಿ, ಬೂದಿ, ಟೂತ್‌ಪೇಸ್ಟ್, ಅಮೋನಿಯ ಇರುವ ಗಾಜು ಒರೆಸುವ ದ್ರಾವಣ: ಇವು ಯಾವುದೂ ಈ ವಸ್ತುವಿನ ಹತ್ತಿರ ಸುಳಿಯಬಾರದು. ನಮ್ಮ ಮನೆಗಳಲ್ಲಿ ದೀಪದ ಕಂಬ ಮಂಕಾದರೆ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದೀಪದ ಕಂಬ ಇಡೀ ಹಿತ್ತಾಳೆ. ಒಂದು ಪದರ ಹೋದರೆ ಕೆಳಗೂ ಹಿತ್ತಾಳೆಯೇ ಇರುತ್ತದೆ. ಸುರ್ತುವಿನಲ್ಲಿ ಚಿನ್ನದ ಪದರ ಕೂದಲೆಳೆಗಿಂತ ಎಷ್ಟೋ ತೆಳು, ಕೆಲವೇ ಮೈಕ್ರಾನ್. ಹುಳಿ ಚಿನ್ನವನ್ನು ಕರಗಿಸುವುದಿಲ್ಲ, ಆದರೆ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತದೆ. ಬೆಳಗುವ ಪುಡಿಯ ಹರಳುಗಳು ಚಿನ್ನವನ್ನೇ ಕೆರೆಯುತ್ತವೆ.

ಬೇಕಾದವು ಇಷ್ಟು: ಒಳ್ಳೆಯ ಟಾರ್ಚು, ಭೂತಗನ್ನಡಿ, ಮೃದು ಕೂದಲಿನ ಕುಂಚ, ನೈಟ್ರೈಲ್ ಕೈಗವಸು, ಹತ್ತಿ, ಬಿದಿರಿನ ಕಡ್ಡಿ, ಬಟ್ಟಿ ಇಳಿಸಿದ ನೀರು, ಬಿಳಿ ಕಾಗದ. ಕುಂಚದ ಲೋಹದ ಪಟ್ಟಿಗೆ ಅಂಟುಪಟ್ಟಿ ಸುತ್ತಿದರೆ ಗೀರು ಬೀಳುವುದಿಲ್ಲ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಪ್ರತಿ ಭಾಗದ ಫೋಟೋ ನಾಲ್ಕೂ ಕಡೆಯಿಂದ ತೆಗೆಯಿರಿ, ತಳದ್ದೂ ಸಹಿತ. ಎತ್ತುವಾಗ ಕವಲು ಅಥವಾ ಮೂರ್ತಿಯ ಕೈ ಹಿಡಿಯದೆ ಬುಡಕ್ಕೆ ಎರಡೂ ಅಂಗೈ ಕೊಡಿ.

ಇಡೀ ವಸ್ತು ಮಂಕಾಗಿ ಕಾಣುತ್ತಿದೆ

ಮೊದಲು ಅದು ನಿಜವಾಗಿ ಮಂಕೋ, ಮಾಡಿದವರೇ ಹಾಗೆ ಬಿಟ್ಟದ್ದೋ ನೋಡಿ. ಒಳ್ಳೆಯ ಪ್ಯಾರಿಸ್ ಕೆಲಸದಲ್ಲಿ ಒಂದೇ ಮೂರ್ತಿಯಲ್ಲಿ ಎರಡು ಬಗೆಯ ಚಿನ್ನವಿರುತ್ತದೆ. ಮೈ, ಮುಖ, ಹಿನ್ನೆಲೆಗಳು ಹೊಳಪಿಲ್ಲದೆ, ಮಂಜು ಹಿಡಿದಂತೆ ಮೆತ್ತಗೆ ಕಾಣುತ್ತವೆ. ಉಡುಪಿನ ಅಂಚು, ಎಲೆಯ ನರ, ಹಣ್ಣಿನ ಉಬ್ಬುಗಳಿಗೆ ಅಗೇಟ್ ಕಲ್ಲಿನಿಂದ ಒಪ್ಪ ಹಾಕಿರುತ್ತಾರೆ; ಅಲ್ಲಿ ಕನ್ನಡಿಯಂಥ ಮಿಂಚು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿದರೆ ಈ ಎರಡರ ಗಡಿ ಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣುತ್ತದೆ. ಗಡಿ ಕಾಣುತ್ತಿದ್ದರೆ ಮಂಕು ಭಾಗವನ್ನು ಮುಟ್ಟಬೇಡಿ. ಅದನ್ನು ಉಜ್ಜಿ ಹೊಳೆಯಿಸಿದರೆ ಶಿಲ್ಪಿ ಯೋಚಿಸಿ ಮಾಡಿದ ನೆರಳು ಬೆಳಕಿನ ಆಟವೇ ಸತ್ತುಹೋಗುತ್ತದೆ, ಹರಾಜಿನಲ್ಲಿ ಬೆಲೆಯೂ ಕುಸಿಯುತ್ತದೆ.

ಗಡಿ ಕಾಣದೆ ಎಲ್ಲವೂ ಒಂದೇ ಸಮನೆ ಬೂದು ಬಣ್ಣದಲ್ಲಿದ್ದರೆ ದೂಳು. ಒಣ ಕುಂಚದಿಂದ ಮೇಲಿನಿಂದ ಕೆಳಗೆ ಗುಡಿಸಿ. ಇಷ್ಟರಿಂದಲೇ ಎಷ್ಟೋ ಸುರ್ತುಗಳು ಅರ್ಧ ಸುಧಾರಿಸುತ್ತವೆ. ಆಮೇಲೆ ಹತ್ತಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಹಿಂಡಿ, ಹಿಂಬದಿಯ ಒಂದು ಕಾಳಿನಷ್ಟು ಜಾಗದಲ್ಲಿ ಒತ್ತಡವಿಲ್ಲದೆ ಉರುಳಿಸಿ. ಹತ್ತಿಗೆ ಬೂದು ಅಥವಾ ಕಪ್ಪು ಬಂದರೆ ಹೊಗೆ ಮತ್ತು ದೂಳು. ಅದೇ ಕ್ರಮದಲ್ಲಿ ಪುಟ್ಟ ಪುಟ್ಟ ಜಾಗವಾಗಿ ಮುಂದುವರಿಸಿ, ಪ್ರತಿ ಬಾರಿಯೂ ಒಣ ಹತ್ತಿಯಿಂದ ತೇವ ಹೀರಿಸಿ. ಹಳದಿ ಕಂದು ಬಂದರೆ ಎಣ್ಣೆ ಜಿಡ್ಡು ಅಥವಾ ಹಳೆಯ ವಾರ್ನಿಷ್ ಇರಬಹುದು. ಹತ್ತಿಗೆ ಚಿನ್ನದ ಮಿನುಗು ಅಂಟಿದರೆ ಅಲ್ಲಿಗೇ ನಿಲ್ಲಿಸಿ: ಪದರ ಸಡಿಲವಾಗಿದೆ ಅಥವಾ ಅದು ಚಿನ್ನವೇ ಅಲ್ಲ, ಬಣ್ಣ.

ಮೇಣದ ಹನಿಗಳನ್ನು ಚಾಕುವಿನಿಂದ ಕೆರೆಯಬೇಡಿ. ಬಿದಿರಿನ ಕಡ್ಡಿಯ ತುದಿಯಿಂದ ಅಂಚು ಎಬ್ಬಿಸಿದರೆ ದಪ್ಪ ಹನಿ ತಾನಾಗಿ ಕಿತ್ತು ಬರುತ್ತದೆ. ಉಳಿದ ತೆಳು ಪದರಕ್ಕೆ ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅದ್ದಿದ ಹತ್ತಿ ಸಾಕು. ಕಿಟಕಿ ತೆರೆದಿರಲಿ; ಒಲೆ, ದೀಪ, ಊದುಬತ್ತಿ ಹತ್ತಿರ ಬೇಡ. ಬಳಸಿದ ಹತ್ತಿಯನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ ಮನೆಯಿಂದ ಹೊರಗಿಡಿ.

ಕಪ್ಪು ಅಥವಾ ಕಂದು ಚುಕ್ಕೆಗಳು

ಚಿನ್ನ ಕಪ್ಪಾಗುವುದಿಲ್ಲ. ಕಪ್ಪಾಗಿರುವುದು ಅದರ ರಂಧ್ರಗಳಿಂದ ಮೇಲೆ ಬಂದ ತಾಮ್ರ. ಗಾಳಿಯಲ್ಲಿನ ಗಂಧಕದ ಅನಿಲಗಳು ಅದಕ್ಕೆ ಸೇರಿ ಕಲೆ ಕಟ್ಟುತ್ತದೆ. ಕಲೆಯ ಆಕಾರವೇ ಕಾರಣ ಹೇಳುತ್ತದೆ. ಚದುರಿದ ಸಣ್ಣ ಚುಕ್ಕೆಗಳಾದರೆ ವಯಸ್ಸು. ಹಾಗೆ ಬಿಟ್ಟರೂ ನಷ್ಟವಿಲ್ಲ. ನೇರವಾದ ಕಪ್ಪು ಗೆರೆಯಾದರೆ ಯಾರೋ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರು: ರಬ್ಬರಿನಲ್ಲಿ ಗಂಧಕವಿರುತ್ತದೆ. ಬೆರಳಿನ ಗುರುತಾದರೆ ಬೆವರಿನ ಉಪ್ಪು. ಉಣ್ಣೆ ಬಟ್ಟೆ ತಾಗಿದ ಕಡೆ ಮಾತ್ರ ಕಪ್ಪಾಗಿದ್ದರೆ ಆ ಬಟ್ಟೆ ಬದಲಿಸಿ. ಅಚ್ಚಿನ ಶಾಯಿಯಿರುವ ಪತ್ರಿಕೆಗಳಲ್ಲೂ ಸುತ್ತಬೇಡಿ, ಆಮ್ಲರಹಿತ ತೆಳು ಕಾಗದ ತನ್ನಿ.

ಚುಕ್ಕೆ ಹತ್ತಿ ನೀರಿಗೆ ಹೋಗದಿದ್ದರೆ ಮನೆಯಲ್ಲಿ ಮುಂದಿನ ಹೆಜ್ಜೆ ಇಲ್ಲ. ಬೆಳ್ಳಿ ಒಡವೆ ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆಯುವ ಸಲಹೆ ಕೊಡುವವರು ಸಿಗುತ್ತಾರೆ, ಕೇಳಬೇಡಿ. ಆ ದ್ರಾವಣ ಟೊಳ್ಳು ಭಾಗ ಮತ್ತು ತಿರುಪಿನ ಸಂದುಗಳಲ್ಲಿ ಉಳಿದು ವರ್ಷಗಟ್ಟಲೆ ಒಳಗಿನಿಂದ ತಿನ್ನುತ್ತದೆ.

ಹಸಿರು ಕಾಣಿಸುತ್ತಿದೆ

ಹಸಿರೆಂದರೆ ಕಿಲುಬು, ಕಿಲುಬೆಂದರೆ ಕೆಟ್ಟದ್ದು ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಹಸಿರಿನಲ್ಲಿ ಮೂರು ಜಾತಿಯಿದೆ, ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಭೂತಗನ್ನಡಿ ಇಲ್ಲದೆ ಇದನ್ನು ನಿರ್ಧರಿಸಬೇಡಿ.

ಮೊದಲನೆಯದು ಮೇಣದಂಥ ಹಸಿರು. ಬತ್ತಿ ಇಡುವ ಬಟ್ಟಲಿನ ಒಳಗೆ, ಅದರ ಕೆಳಗಿನ ಎಲೆಗಳ ಸಂದಿಯಲ್ಲಿ, ತಿರುಪಿನ ಸುತ್ತ ಕಾಣುತ್ತದೆ. ಬಣ್ಣ ಗಾಢ, ಕೆಲವೊಮ್ಮೆ ನೀಲಿ ಬೆರೆತದ್ದು. ಬಿದಿರಿನ ಕಡ್ಡಿಯಿಂದ ಒತ್ತಿದರೆ ಮೆತ್ತಗೆ ತಗ್ಗುತ್ತದೆ, ಎಳೆದರೆ ಜಿಗುಟಾಗಿ ಬರುತ್ತದೆ. ಮೇಣದಬತ್ತಿ, ಎಣ್ಣೆ ಅಥವಾ ಹಳೆಯ ಪಾಲಿಷ್‌ನಲ್ಲಿದ್ದ ಕೊಬ್ಬಿನಾಮ್ಲ ತಾಮ್ರದೊಂದಿಗೆ ಕೂಡಿ ಆದ ಸಾಬೂನು ಇದು. ನೋಡಲು ಅಸಹ್ಯ, ಆದರೆ ಮೂರರಲ್ಲಿ ಅತ್ಯಂತ ಸಾಧು. ಕಡ್ಡಿಯಿಂದ ಎತ್ತಿ, ಉಳಿದದ್ದನ್ನು ಟರ್ಪೆಂಟೈನ್ ಹತ್ತಿಯಿಂದ ಒರೆಸಿದರೆ ಮುಗಿಯಿತು. ಇದು ಮರುಕಳಿಸುತ್ತಿದ್ದರೆ ಕಾರಣ ನಿಮ್ಮ ಬತ್ತಿಗಳೇ; ಬಟ್ಟಲಿನೊಳಗೆ ತೆಳ್ಳನೆಯ ಗಾಜಿನ ತಟ್ಟೆ ಇಟ್ಟು ಬತ್ತಿ ಹಚ್ಚಿ, ಇಲ್ಲವೇ ಹಚ್ಚುವುದನ್ನೇ ಬಿಡಿ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ.

ಎರಡನೆಯದು ಗಟ್ಟಿ ಹಸಿರು: ತೆಳು ಪೊರೆಯಂತೆ ಅಂಟಿಕೊಂಡಿರುತ್ತದೆ, ಕಡ್ಡಿಗೆ ಬಗ್ಗುವುದಿಲ್ಲ, ಬಿಳಿ ಕಾಗದದ ಮೇಲೆ ಕುಂಚ ಆಡಿಸಿದರೂ ಪುಡಿ ಬೀಳುವುದಿಲ್ಲ. ಹೆಚ್ಚಾಗಿ ಮುಲಾಮು ಇಲ್ಲದ ಹಿಂಬದಿಯಲ್ಲಿ, ಒಳಗೋಡೆಯಲ್ಲಿ ಇರುತ್ತದೆ. ಹಾಗೆಯೇ ಬಿಡಿ.

ಮೂರನೆಯದು ಪುಡಿ ಹಸಿರು, ನಿಜವಾದ ರೋಗ ಇದೇ. ಪೇಲವ ಬಣ್ಣ, ಎಳೆ ಪಾಚಿಯ ಛಾಯೆ. ಸೂಜಿಮೊನೆಯಷ್ಟು ಗುಳ್ಳೆಗಳಾಗಿ ಚಿನ್ನದ ನಡುವೆ ಏಳುತ್ತದೆ. ಒಣ ಕುಂಚ ತಾಗಿಸಿದರೆ ಕೆಳಗಿನ ಬಿಳಿ ಕಾಗದದ ಮೇಲೆ ಪುಡಿ ಉದುರುತ್ತದೆ, ಆ ಜಾಗದಲ್ಲಿ ಪುಟ್ಟ ಗುಂಡಿ ಉಳಿಯುತ್ತದೆ. ಲೋಹದೊಳಗೆ ಸೇರಿದ ಕ್ಲೋರೈಡ್ ಇದರ ಮೂಲ. ಅದು ತಾಮ್ರದೊಂದಿಗೆ ಕೂಡಿ, ಗಾಳಿಯ ತೇವ ಸಿಕ್ಕಾಗಲೆಲ್ಲ ಹೊಸ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಮೇಜಿನ ಉಪ್ಪು, ಬೆವರು, ಬ್ಲೀಚಿಂಗ್ ದ್ರಾವಣ, ಸಮುದ್ರದ ಗಾಳಿ ಎಲ್ಲವೂ ಕ್ಲೋರೈಡ್ ತರುತ್ತವೆ. ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು: ಉಪ್ಪಿನ ಗಾಳಿಯ ಜೊತೆಗೆ ಮಳೆಗಾಲದಲ್ಲಿ ತೇವಾಂಶ ಶೇಕಡ 80 ದಾಟುವುದು ಅಲ್ಲಿ ಸಾಮಾನ್ಯ, ಈ ರೋಗಕ್ಕೆ ಶೇಕಡ 45ರ ಆಸುಪಾಸೇ ಸಾಕು.

ಅನುಮಾನವಿದ್ದರೆ ಹೀಗೆ ಖಚಿತ ಮಾಡಿಕೊಳ್ಳಿ. ಪುಡಿಯನ್ನು ಕುಂಚದಿಂದ ತೆಗೆದು ಆ ಜಾಗದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಎರಡು ವಾರ ಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಂದು ಫೋಟೋ ತೆಗೆದು ಹೋಲಿಸಿ. ಹೊಸ ಪುಡಿ ಬಂದಿದ್ದರೆ ರೋಗ ಜೀವಂತವಾಗಿದೆ. ಆಗ ನೀರು ತಾಗಿಸಬೇಡಿ, ಮೇಣ ಹಚ್ಚಿ ಮುಚ್ಚಬೇಡಿ. ಭದ್ರವಾಗಿ ಮುಚ್ಚುವ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಸಾಕಷ್ಟು ಹಾಕಿ ಇಡಿ. ಒಳಗೊಂದು ಪುಟ್ಟ ಹೈಗ್ರೋಮೀಟರ್ ಇಟ್ಟು ತೇವಾಂಶ 40ರ ಕೆಳಗಿದೆಯೇ ನೋಡುತ್ತಿರಿ. ಕನ್ನಡಿಯಿರುವ ಮರದ ತಳವನ್ನು ಮಾತ್ರ ಈ ಡಬ್ಬಿಗೆ ಹಾಕಬೇಡಿ, ಒಣಗಿ ಸೀಳುತ್ತದೆ. ಇಷ್ಟು ಮಾಡಿ ತಜ್ಞರನ್ನು ಕರೆಯಿರಿ. ಒಣ ಡಬ್ಬಿಯಲ್ಲಿ ರೋಗ ವಾಸಿಯಾಗುವುದಿಲ್ಲ; ಚಿಕಿತ್ಸೆಯ ತನಕ ಹರಡದೆ ನಿಂತಿರುತ್ತದೆ.

ಚಿನ್ನದ ನಡುವೆ ಬೇರೆ ಬಣ್ಣದ ಲೋಹ ಇಣುಕುತ್ತಿದೆ

ಮೂರ್ತಿಯ ಮೂಗು, ಮೊಣಕಾಲು, ಬುಟ್ಟಿಯ ಅಂಚು ಹೀಗೆ ಉಬ್ಬಿದ ಜಾಗಗಳಲ್ಲಿ ಮಾತ್ರ ಕಂದು ಅಥವಾ ಹಿತ್ತಾಳೆ ಹಳದಿ ಕಂಡರೆ ಅದು ತಲೆಮಾರುಗಳ ಒರೆಸುವಿಕೆಯಿಂದ ಸವೆದದ್ದು. ಸವೆದದ್ದು ದೋಷವಲ್ಲ, ಬಳಕೆಯ ಗುರುತು. ಉಜ್ಜುವುದನ್ನು ನಿಲ್ಲಿಸಿದರೆ ಅಲ್ಲಿಗೆ ನಿಲ್ಲುತ್ತದೆ.

ತಗ್ಗಿನಲ್ಲಿ ಗುಲಾಬಿ ಬಣ್ಣದ ತಾಮ್ರ ಕಂಡರೆ ಹಿಂದೆ ಯಾರೋ ಹುಳಿ ಬಳಸಿದ್ದಾರೆ. ಹುಳಿ ಸತುವನ್ನು ಕರಗಿಸಿ ಒಯ್ದು ತಾಮ್ರವನ್ನು ಬಿಟ್ಟಿದೆ. ಇದಕ್ಕೆ ಮನೆಮದ್ದಿಲ್ಲ.

ಚಿನ್ನವೇ ಕಂದಾಗಿ ಚಾಕೊಲೇಟ್ ಬಣ್ಣಕ್ಕೆ ತಿರುಗಿದಂತೆ ಕಂಡರೆ ಅದು ಹಿಂದಿನವರು ಬಳಿದ ಬಂಗಾರದ ಬಣ್ಣ, ಅಂದರೆ ವಾರ್ನಿಷ್‌ನಲ್ಲಿ ಕದಡಿದ ಹಿತ್ತಾಳೆ ಪುಡಿ. ತಳದಲ್ಲಿ ಕಾಣದ ಜಾಗಕ್ಕೆ ಹತ್ತಿಯ ಮೊನೆಯಲ್ಲಿ ಒಂದು ಹನಿ ಅಸಿಟೋನ್ ತಾಗಿಸಿ ನೋಡಿ. ಹತ್ತಿಗೆ ಕಂದು ಬಣ್ಣ ಮತ್ತು ಮಿನುಗು ಬಂದು, ಕೆಳಗೆ ನಿಜವಾದ ಚಿನ್ನ ಕಂಡರೆ ಅದು ಸಂತೋಷದ ಸುದ್ದಿ. ಆದರೂ ಉಳಿದದ್ದನ್ನು ನೀವೇ ತೆಗೆಯಲು ಹೊರಡಬೇಡಿ. ಮೂಲ ವಾರ್ನಿಷ್ ಕೂಡ ಅಸಿಟೋನ್‌ಗೆ ಕರಗುತ್ತದೆ.

ಇದೇ ಹೊತ್ತಿಗೆ ವಸ್ತುವನ್ನು ಮಗುಚಿ ಒಳಭಾಗ ನೋಡುವುದು ಒಳ್ಳೆಯದು. ಪಾದರಸದ ಮುಲಾಮಿನಲ್ಲಿ ಚಿನ್ನ ದುಬಾರಿಯಾದ್ದರಿಂದ ಕಾಣದ ಹಿಂಬದಿಗೆ ಹಚ್ಚುತ್ತಿರಲಿಲ್ಲ. ಅಂಚು ದಾಟಿ ಒಳಗೆ ಹರಿದ ಚಿನ್ನದ ಅಡ್ಡಾದಿಡ್ಡಿ ತೇಪೆಗಳು, ಅದರಾಚೆ ಬರಿಯ ಲೋಹ ಕಾಣುತ್ತದೆ. 1840ರ ಬಳಿಕ ಇಂಗ್ಲೆಂಡಿನ ಎಲ್ಕಿಂಗ್‌ಟನ್, ಫ್ರಾನ್ಸಿನ ಕ್ರಿಸ್ತೊಫ್ಲ್ ಸಂಸ್ಥೆಗಳು ಬೆಳೆಸಿದ ವಿದ್ಯುತ್ ಲೇಪದಲ್ಲಿ ಇಡೀ ವಸ್ತುವನ್ನು ದ್ರಾವಣದಲ್ಲಿ ಮುಳುಗಿಸುವುದರಿಂದ ಚಿನ್ನ ಸಾಮಾನ್ಯವಾಗಿ ಒಳಗೂ ಹೊರಗೂ ಒಂದೇ ಸಮನೆ ಕೂರುತ್ತದೆ, ತೆಳುವಾಗಿಯೂ ಇರುತ್ತದೆ. ವಿದ್ಯುತ್ ಲೇಪದ ವಸ್ತುವಾದರೆ ಮೇಲೆ ಹೇಳಿದ ಹತ್ತಿ ನೀರಿನ ಹೆಜ್ಜೆಯಲ್ಲೂ ಕೈ ಇನ್ನಷ್ಟು ಹಗುರವಾಗಿರಲಿ. ತಳದಲ್ಲಿ ತೊಮೀರ್ ಎಂಬ ಹೆಸರು ಇದ್ದ ಮಾತ್ರಕ್ಕೆ ನಂಬಬೇಡಿ. ಹೆಸರು ಕೊರೆಯುವುದು ಸುಲಭ, ಒಪ್ಪ ಹಾಕುವುದು ಕಷ್ಟ.

ಅಲುಗಾಡುತ್ತದೆ, ಓರೆಯಾಗಿ ನಿಲ್ಲುತ್ತದೆ, ಭಾಗಗಳು ಕೂಡುತ್ತಿಲ್ಲ

ಮೊದಲು ಮೇಜನ್ನು ಅನುಮಾನಿಸಿ. ಹಲವು ಭಾಗಗಳ ಉದ್ದನೆಯ ತಟ್ಟೆ ಒಂದು ಮಿಲಿಮೀಟರ್ ಏರುಪೇರನ್ನೂ ತೋರಿಸಿಬಿಡುತ್ತದೆ. ಕಲ್ಲಿನ ಕಟ್ಟೆ ಅಥವಾ ದಪ್ಪ ಗಾಜಿನಂಥ ಸಮತಟ್ಟಾದ ಮೇಲ್ಮೈಗೆ ಒಂದೊಂದೇ ಭಾಗ ಇಟ್ಟು ನೋಡಿ. ಅಲ್ಲಿ ನೇರ ನಿಂತರೆ ದೋಷ ಮೇಜಿನದು.

ಅಲ್ಲೂ ಅಲುಗಿದರೆ ಪಾದಗಳನ್ನು ನೋಡಿ. ಪಾದಗಳು ತಿರುಪಿನಿಂದ ಕೂಡಿರುತ್ತವೆ, ಯಾವುದೋ ಕಾಲದಲ್ಲಿ ಬಿಚ್ಚಿ ಅದಲುಬದಲಾಗಿರುವುದು ತೀರಾ ಸಾಮಾನ್ಯ. ಪಾದದ ಬುಡದಲ್ಲೂ ಅದು ಕೂರುವ ಜಾಗದಲ್ಲೂ ಅರದಿಂದ ಕೊರೆದ ಗೀಟುಗಳು, ಚುಕ್ಕೆಗಳು ಅಥವಾ ರೋಮನ್ ಅಂಕಿಗಳು ಇರುತ್ತವೆ. ಮೂರು ಗೀಟಿನ ಪಾದ ಮೂರು ಗೀಟಿನ ಜಾಗಕ್ಕೆ ಹೋಗಬೇಕು. ತಟ್ಟೆಯ ಭಾಗಗಳಿಗೂ ಇದೇ ಮಾತು: ಎರಡು ದುಂಡು ತುದಿಗಳ ನಡುವೆ ನೇರ ಭಾಗಗಳು ಯಾವ ಕ್ರಮದಲ್ಲಿ ಕೂರಬೇಕು ಎಂಬುದನ್ನು ಆ ಗುರುತುಗಳೇ ಹೇಳುತ್ತವೆ. ಕೂಡದ ಭಾಗಗಳನ್ನು ಒತ್ತಿ ತಳ್ಳುವ ಮುನ್ನ ಗುರುತು ಹುಡುಕಿ.

ಮೂರ್ತಿ ಅಥವಾ ಕವಲು ತನ್ನ ಬುಡದ ಮೇಲೆ ತಿರುಗುತ್ತಿದ್ದರೆ ಕೆಳಗಿನ ನಟ್ಟು ಸಡಿಲವಾಗಿದೆ. ಮೇಲಿನ ಭಾಗವನ್ನು ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ನಟ್ಟನ್ನು ಬೆರಳಿನಿಂದ, ಬೆರಳಿನ ಬಲ ಮುಗಿಯುವ ತನಕ ಮಾತ್ರ ಬಿಗಿ ಮಾಡಿ. ಇಕ್ಕಳ ಬೇಡ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ತಿರುಪಿಗೆ ಏಕರೂಪದ ಅಳತೆ ಸೂಚಿಸುವ ಮುನ್ನ ಪ್ರತಿ ಕಾರ್ಯಾಗಾರ ತನ್ನದೇ ತಿರುಪು ಕೊರೆಯುತ್ತಿತ್ತು, ಎಷ್ಟೋ ಬಾರಿ ಪ್ರತಿ ರಂಧ್ರಕ್ಕೂ ಒಂದೊಂದು. ಆದ್ದರಿಂದ ಬಿಚ್ಚಿದ ತಿರುಪುಗಳನ್ನು ಒಂದೇ ಬಟ್ಟಲಿಗೆ ಸುರಿಯದೆ ಪ್ರತಿಯೊಂದನ್ನೂ ಚೀಟಿ ಹಚ್ಚಿದ ಬೇರೆ ಪೊಟ್ಟಣದಲ್ಲಿಡಿ. ಕಳೆದುಹೋದ ತಿರುಪಿಗೆ ಬದಲಾಗಿ ಹಾರ್ಡ್‌ವೇರ್ ಅಂಗಡಿಯ ತಿರುಪನ್ನು ಬಲವಂತವಾಗಿ ತೂರಿಸಿದರೆ ರಂಧ್ರದೊಳಗಿನ ಮೂಲ ಸುರುಳಿ ಗೀರು ಕಿತ್ತುಹೋಗುತ್ತದೆ. ಕಬ್ಬಿಣದ ತಿರುಪು ತುಕ್ಕು ಹಿಡಿದು ಬಿಗಿದಿದ್ದರೆ ಎಣ್ಣೆ ಸುರಿಯಬೇಡಿ, ಕಾಯಿಸಬೇಡಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ತಳದ ಕನ್ನಡಿಯಲ್ಲಿ ಕಲೆ, ಅಂಚಿನಲ್ಲಿ ಬೆಳ್ಳಿಯಂಥ ಹನಿ

ಈ ಭಾಗವನ್ನು ದಯವಿಟ್ಟು ಪೂರ್ತಿ ಓದಿ, ಆರೋಗ್ಯದ ಅಪಾಯ ಇರುವುದು ಇಲ್ಲೇ.

ಹಳೆಯ ಸುರ್ತುಗಳ ಕನ್ನಡಿಗೆ ಬೆಳ್ಳಿ ಹಚ್ಚಿರುವುದಿಲ್ಲ. ಗಾಜಿನ ಹಿಂದೆ ತವರ ಮತ್ತು ಪಾದರಸದ ಪದರವಿರುತ್ತದೆ. 1835ರಲ್ಲಿ ಜರ್ಮನಿಯ ಲೀಬಿಗ್ ಗಾಜಿಗೆ ಬೆಳ್ಳಿ ಕಟ್ಟಿಸುವ ರಾಸಾಯನಿಕ ದಾರಿ ತೋರಿಸಿದ ಮೇಲೂ ಹಳೆಯ ವಿಧಾನ ದಶಕಗಳ ಕಾಲ ನಡೆಯಿತು. ಗುರುತಿಸಲು ಕನ್ನಡಿಯಲ್ಲಿ ನಿಮ್ಮ ಕೈಯನ್ನು ನೋಡಿ: ಪ್ರತಿಬಿಂಬ ತುಸು ನೀಲಿ ಬೂದು, ಮಬ್ಬು. ಈಗಿನ ಕನ್ನಡಿಯ ಬಿಳಿ ಚುರುಕು ಅದರಲ್ಲಿಲ್ಲ. ಕಲೆಗಳು ಅಂಚಿನಿಂದ ಹರಳು ಹರಳಾಗಿ ಹಬ್ಬಿರುತ್ತವೆ. ಹಿಂಬದಿಯಲ್ಲಿ ಕೆಂಪು, ಕಂದು ಅಥವಾ ಬೂದು ಬಣ್ಣ ಬಳಿದಿದ್ದರೆ ಅದು ನಂತರ ಬದಲಿಸಿದ ಬೆಳ್ಳಿ ಕನ್ನಡಿ; ಅಲ್ಲಿ ಕಲೆ ಬರೀ ತೇವದ್ದು.

ತವರ ಪಾದರಸದ ಕನ್ನಡಿಯಲ್ಲಿ ಕಲೆ ಮಾತ್ರ ಇದ್ದರೆ ಹಾಗೆ ಬಿಡಿ, ಅದು ವಸ್ತುವಿನ ವಯಸ್ಸಿಗೆ ತಕ್ಕದ್ದು. ಮೇಲ್ಮೈಯನ್ನು ಒಣ ಮೃದು ಬಟ್ಟೆಯಿಂದ ಒರೆಸಿ. ದ್ರಾವಣ ಚಿಮುಕಿಸಿದರೆ ಅಂಚಿನಿಂದ ಹಿಂದಕ್ಕೆ ಇಳಿಯುತ್ತದೆ. ತಟ್ಟೆಯನ್ನು ಗೋಡೆಗೆ ಆನಿಸಿ ನಿಲ್ಲಿಸಬೇಡಿ, ಮಲಗಿಸಿಯೇ ಇಡಿ. ನಿಲ್ಲಿಸಿದರೆ ಸಡಿಲವಾದ ಪಾದರಸ ಕೆಳಗಿನ ಅಂಚಿಗೆ ಜಾರಿ ಹನಿಗಟ್ಟುತ್ತದೆ.

ಸಾಸಿವೆಯಷ್ಟು ಅಥವಾ ಅದಕ್ಕಿಂತ ಚಿಕ್ಕದಾದ, ಉರುಳುವ ಬೆಳ್ಳಿ ಹನಿಗಳು ಕಂಡರೆ ಅದು ಪಾದರಸವೇ. ಮಕ್ಕಳು, ಗರ್ಭಿಣಿಯರು, ಸಾಕುಪ್ರಾಣಿಗಳು ಕೂಡಲೇ ಕೋಣೆ ಬಿಡಲಿ. ಕಿಟಕಿ ತೆರೆಯಿರಿ, ಮನೆಯ ಉಳಿದ ಕಡೆಗೆ ಹೋಗುವ ಬಾಗಿಲು ಮುಚ್ಚಿ, ಫ್ಯಾನು ಮತ್ತು ಏಸಿ ನಿಲ್ಲಿಸಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಖಂಡಿತ ಬೇಡ: ಎರಡೂ ಹನಿಯನ್ನು ಒಡೆದು ಆವಿಯನ್ನು ಕೋಣೆಯ ತುಂಬ ಹರಡುತ್ತವೆ. ಮೈಮೇಲೆ ಚಿನ್ನವಿರಬಾರದು, ಪಾದರಸ ತಾಗಿದ ಉಂಗುರ ಬೆಳ್ಳಗಾಗಿ ಪೆಡಸಾಗುತ್ತದೆ. ಕೈಗವಸು ತೊಟ್ಟು, ಗಟ್ಟಿ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಂದುಗೂಡಿಸಿ ಗಾಜಿನ ಸೀಸೆಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಚರಂಡಿಗೆ, ಬಚ್ಚಲಿಗೆ, ಮನೆಯ ಕಸಕ್ಕೆ ಹಾಕಬೇಡಿ. ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಹನಿಗಳು ನೆಲದ ಬಿರುಕಿಗೆ ಅಥವಾ ಕಾರ್ಪೆಟ್ಟಿಗೆ ಇಳಿದಿದ್ದರೆ ನೀವಾಗಿ ತೆಗೆಯಲು ಹೋಗದೆ ಆ ಕೋಣೆ ಮುಚ್ಚಿ.

ಕಟಾಂಜನದ ಚಿನ್ನದ ಮೇಲೆ ಇದ್ದಕ್ಕಿದ್ದಂತೆ ಬೂದು ಬಿಳಿ ಮಚ್ಚೆ ಕಂಡರೂ ಕನ್ನಡಿಯನ್ನೇ ಅನುಮಾನಿಸಿ. ಸೋರಿದ ಹನಿ ಮುಲಾಮಿನ ಚಿನ್ನಕ್ಕೆ ಹತ್ತಿಕೊಂಡಿದೆ. ಒರೆಸಿದರೆ ಚಿನ್ನವೂ ಬರುತ್ತದೆ.

ಮೇಣದಬತ್ತಿಯ ಕವಲುಗಳಿಗೆ ವಿದ್ಯುತ್ ತಂತಿ ಇದೆ

ಹಿಂದಿನ ಮಾಲೀಕರು ಕವಲುಗಳನ್ನು ಕೊರೆದು ಬಲ್ಬು ಹಾಕಿಸಿದ್ದರೆ, ತಂತಿ ಎಷ್ಟೇ ಚೆನ್ನಾಗಿ ಕಂಡರೂ ಪ್ಲಗ್ಗಿಗೆ ಹಾಕಬೇಡಿ. ಬಟ್ಟೆ ಅಥವಾ ಹಳೆಯ ರಬ್ಬರಿನ ಹೊದಿಕೆ ಕವಲಿನೊಳಗೆ ಪುಡಿಯಾಗಿರುತ್ತದೆ, ನಮ್ಮ 230 ವೋಲ್ಟ್ ಇಡೀ ಲೋಹಕ್ಕೆ ಹರಿಯಬಹುದು. ಮುಟ್ಟಿದಾಗ ಚುರ್ ಎನ್ನುವುದು, ಸುಟ್ಟ ವಾಸನೆ, ಒಳಗಿನಿಂದ ಉದುರುವ ಕಪ್ಪು ಚೂರು ಎಲ್ಲವೂ ಇದರ ಲಕ್ಷಣ. ತಂತಿ ಬದಲಿಸಲು ಎಲೆಕ್ಟ್ರಿಷಿಯನ್ ಬಂದರೆ ಹೊಸ ರಂಧ್ರ ಕೊರೆಯದಂತೆ ಮೊದಲೇ ಹೇಳಿ.

ತುಂಡಾಗಿದೆ

ಮುರಿದ ಬಾಯಿಯ ಬಣ್ಣ ನೋಡಿ. ಹಳದಿ ಅಥವಾ ಕೆಂಪು ಹಳದಿಯಾದರೆ ಅದು ನಿಜವಾದ ಕಂಚು ಹಿತ್ತಾಳೆಯ ಜಾತಿ. ಬೂದು ಬಣ್ಣ, ಸಕ್ಕರೆ ಹರಳಿನಂಥ ಒರಟು ಇದ್ದರೆ ಅದು ಸತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅಗ್ಗದ ಅನುಕರಣೆಗಳನ್ನು ಸತುವಿನಲ್ಲಿ ಎರಕ ಹೊಯ್ದು ಮೇಲೆ ಚಿನ್ನದ ಬಣ್ಣ ಕೊಟ್ಟರು. ಮುರಿಯದೆಯೂ ತಿಳಿಯಬಹುದು: ಸತುವಿನದು ಹಗುರ, ತಟ್ಟಿದರೆ ದಪ್ಪ ಸದ್ದು, ಗೀರಿದ ಕಡೆ ಬೂದು.

ಎರಡರಲ್ಲಿ ಯಾವುದಾದರೂ ಬೆಸುಗೆ ಅಂಗಡಿಗೆ ಒಯ್ಯಬೇಡಿ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಗ್ಯಾಸ್ ಜ್ವಾಲೆ ತಾಗಿದರೆ ಮೂರ್ತಿಯ ಕೈ ಮೇಜಿನ ಮೇಲೆ ಹರಿದುಹೋಗುತ್ತದೆ. ಪಾದರಸದ ಮುಲಾಮಿನ ಕಂಚನ್ನು ಕಾಯಿಸಿದರೆ ಒಳಗುಳಿದ ಪಾದರಸ ಆವಿಯಾಗಿ ಬೆಸುಗೆಯವನ ಮೂಗಿಗೆ ಹೋಗುತ್ತದೆ, ಸುತ್ತಲಿನ ಚಿನ್ನವೂ ಬಣ್ಣ ಕೆಡುತ್ತದೆ. ಅಕ್ಕಸಾಲಿಗರಿಗೂ ಈ ಮಾತು ಹೇಳಲೇಬೇಕು, ಏಕೆಂದರೆ ನೋಡಿದ ಮಾತ್ರಕ್ಕೆ ಒಳಗೆ ಪಾದರಸವಿದೆ ಎಂದು ಅವರಿಗೂ ತಿಳಿಯುವುದಿಲ್ಲ. ತತ್‌ಕ್ಷಣದ ಅಂಟು ಕೂಡ ಬೇಡ. ಅದು ಮುರಿದ ಬಾಯಿಯ ಸೂಕ್ಷ್ಮ ಅಂಚುಗಳನ್ನು ತುಂಬಿಬಿಡುತ್ತದೆ, ಮುಂದೆ ಸರಿಯಾಗಿ ಕೂಡಿಸಲು ಬಿಡುವುದಿಲ್ಲ.

ತುಂಡುಗಳ ಮುರಿದ ಬಾಯಿ ಒಂದಕ್ಕೊಂದು ತಾಗದಂತೆ ಆಮ್ಲರಹಿತ ಕಾಗದದಲ್ಲಿ ಬೇರೆ ಬೇರೆ ಸುತ್ತಿ. ಉದುರಿದ ಚೂರು ಎಷ್ಟು ಚಿಕ್ಕದಾದರೂ ಎತ್ತಿಡಿ. ಬೆಂಗಳೂರಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ. ಲಖನೌದಲ್ಲಿರುವ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಅಲ್ಲಿ ವಿಚಾರಿಸಿದರೆ ಲೋಹದ ಕೆಲಸ ಬಲ್ಲ ತಜ್ಞರ ದಾರಿ ಸಿಗುತ್ತದೆ. ಹೋಗುವಾಗ ಮೊದಲು ತೆಗೆದ ಫೋಟೋಗಳು, ತಳದ ಗುರುತುಗಳ ಚಿತ್ರ, ಎರಡು ವಾರದ ಹಸಿರಿನ ಹೋಲಿಕೆ, ಈತನಕ ಏನೇನು ಹಚ್ಚಿದ್ದೀರಿ ಎಂಬ ಪಟ್ಟಿ ಕೈಯಲ್ಲಿರಲಿ. ಕೆಲಸ ಒಪ್ಪಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ಇದಕ್ಕೆ ಹೊಸದಾಗಿ ಚಿನ್ನ ಹಾಕಿಸಬೇಕೇ? ನೋಡುವ ಮೊದಲೇ ಹೌದು ಎಂದವರಿಗೆ ಸುರ್ತುವನ್ನು ಬಿಟ್ಟು ಬರಬೇಡಿ.